ಹರೆಯದ ಸಿಟ್ಟೂ ಶಾಲೆಯ ಪಾಠವೂ

ಕೃಷ್ಣೆಯ ದಂಡೆಗೆ ಸಮೀಪವಾಗಿ, ಬನಹಟ್ಟಿಯೊಡನೆ ಮೈಗೂಡಿ ನಿಂತಿರುವ ರಬಕವಿಯ ಓಣಿಗಳನ್ನು ಹೊಕ್ಕವರಿಗೆ ಮನುಷ್ಯರ ಮಾತಿಗಿಂತ ಮೊದಲು ಕೇಳಿಸುವುದು ಮಗ್ಗದ ಸದ್ದು. ಆ ಸದ್ದಿನ ನಡುವೆಯೇ ಓದಿ ಬೆಳೆಯುವ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಮೋರೆ ಬಾಡಿಸಿಕೊಂಡು ಕುಳಿತಿರುವಾಗ, ‘ಏನಾಗೇತೋ ತಮ್ಮಾ?’ ಎಂದು ಯಾರಾದರೂ ವಿಚಾರಿಸಿದರೆ, ಬಹುಮಟ್ಟಿಗೆ ದೊರೆಯುವ ಉತ್ತರ ‘ಬ್ಯಾಸರಾಗೇತ್ರಿ’ ಎಂಬುದೊಂದೇ. ಇನ್ನಷ್ಟು ಒತ್ತಾಯಿಸಿದರೆ ‘ತಲಿ ಕೆಟ್ಟೈತ್ರಿ’ ಎಂದು ಎದ್ದು ಹೋಗುವನು. ರಾತ್ರಿ ಕಂಡಿಕೆ ಸುತ್ತಿ ನಿದ್ದೆಗೆಟ್ಟ ದಣಿವು, ಗೆಳೆಯರೆದುರು ಆದ ಅವಮಾನ, ಅಂಕ ಕಡಿಮೆ ಬಂದ ನಾಚಿಕೆ, ನೂಲಿನ ಬೆಲೆಯೇರಿ ಮನೆಯಲ್ಲಿ ಮಗ್ಗ ನಿಂತಿರುವ ಆತಂಕ, ಇವೆಲ್ಲವೂ ಆ ಒಂದು ‘ಬ್ಯಾಸರ’ದೊಳಗೆ ಅಡಗಿ ಕುಳಿತಿರುತ್ತವೆ.

ಹೆಸರಿಲ್ಲದ ಭಾವವನ್ನು ಆಳುವುದು ಕಷ್ಟವೆಂಬುದು ಬರಿಯ ಅಲಂಕಾರದ ಮಾತಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮನಃಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳ ಚಿತ್ರಗಳನ್ನು ಕಂಡವರು ಆ ಭಾವದ ಹೆಸರನ್ನು ಗುರುತಿಸಿದಾಗ, ಮಿದುಳಿನಾಳದಲ್ಲಿ ಬಾದಾಮಿಯ ಆಕಾರದಲ್ಲಿದ್ದು ಅಪಾಯದ ಸೂಚನೆಗೆ ತಟ್ಟನೆ ಸ್ಪಂದಿಸುವ ಅಮಿಗ್ಡಲವೆಂಬ ಭಾಗದ ಚಟುವಟಿಕೆ ಇಳಿದುದೂ, ಹಣೆಯ ಹಿಂಬದಿಯ ಮುಮ್ಮಿದುಳಿನ ಒಂದು ಭಾಗ ಚುರುಕಾದುದೂ ಕಂಡುಬಂದಿತು. ಹರೆಯದಲ್ಲಿ ಮೊದಲನೆಯದು ಬೇಗನೆ ಪ್ರಬಲವಾಗುತ್ತದೆ. ವಿವೇಚನೆಗೆ ಆಶ್ರಯವಾದ ಎರಡನೆಯದರ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ಸಾಗಿರುತ್ತದೆ. ನಮ್ಮ ಭರತಮುನಿ ನೆಲೆಯಾಗಿ ನಿಲ್ಲುವ ಎಂಟು ಸ್ಥಾಯಿಭಾವಗಳನ್ನೂ ಬಂದು ಹೋಗುವ ಮೂವತ್ತಮೂರು ವ್ಯಭಿಚಾರಿಭಾವಗಳನ್ನೂ ಎಣಿಸಿಟ್ಟದ್ದು ನಟರಿಗಾಗಿ. ಆ ಪಟ್ಟಿಯ ಕಾಲುಭಾಗವಾದರೂ ಹದಿನಾಲ್ಕು ವರ್ಷದ ಹುಡುಗನ ಬಾಯಲ್ಲಿದ್ದರೆ ‘ಬ್ಯಾಸರ’ಕ್ಕೆ ಇಷ್ಟೊಂದು ಹೊರೆ ಬೀಳುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಹಿರಿಯರ ಸಾಮಾನ್ಯವಾದ ಉಪದೇಶ ‘ಸಿಟ್ಟು ನುಂಗಿಕೋ’ ಎಂಬುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ ಎಂಬ ಮನಃಶಾಸ್ತ್ರಜ್ಞನು 1990ರ ದಶಕದಿಂದ ನಡೆಸಿದ ಪ್ರಯೋಗಗಳು ಈ ಉಪದೇಶದ ಬೆಲೆಯನ್ನು ತೂಗಿ ನೋಡಿವೆ. ಭಾವವು ಉಕ್ಕಿದ ಮೇಲೆ ಮುಖದಲ್ಲಿ ತೋರದಂತೆ ಅದುಮುವವನ ಶರೀರದೊಳಗಿನ ಉದ್ವೇಗ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಅದುಮುವ ಶ್ರಮದಲ್ಲಿ ಕಣ್ಣೆದುರು ನಡೆದುದರ ನೆನಪೂ ಕುಂದುತ್ತದೆ. ಘಟನೆಯ ಅರ್ಥವನ್ನೇ ಮೊದಲಲ್ಲಿ ಬೇರೆ ಬಗೆಯಿಂದ ನೋಡಿದವನಿಗೆ, ಎಂದರೆ ‘ಗುರುಗಳು ನನ್ನನ್ನು ಅಪಮಾನಿಸಿದರು’ ಎಂಬುದನ್ನು ‘ಅವರಿಗೂ ಇಂದು ಆಯಾಸವಾಗಿದ್ದೀತು’ ಎಂದು ತಿರುಗಿಸಿ ನೋಡಬಲ್ಲವನಿಗೆ, ಈ ದಂಡ ಬಹುಮಟ್ಟಿಗೆ ತಪ್ಪುತ್ತದೆ. ಪತಂಜಲಿಯ ಯೋಗಸೂತ್ರಗಳಲ್ಲಿ ಬರುವ, ಪೀಡಿಸುವ ವಿಚಾರಕ್ಕೆ ಎದುರಾದುದನ್ನು ಭಾವಿಸುವ ಪ್ರತಿಪಕ್ಷಭಾವನೆಗೂ ಇದಕ್ಕೂ ದೂರದ ನಂಟಿದೆ. ಎರಡೂ ಒಂದೇ ಎಂದು ಹೆಮ್ಮೆಪಡುವ ಆತುರ ಬೇಡ.

ಇಂಥ ಉಪಾಯಗಳನ್ನು ಕಲಿಸಬಹುದಾದ ಕೌಶಲಗಳೆಂದು ಬಗೆದು ಕ್ರಮವಾಗಿ ಜೋಡಿಸಿದವರಲ್ಲಿ ಸಿಯಾಟಲ್ ನಗರದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಮುಖ್ಯಳು. ಆತ್ಮಹತ್ಯೆಯ ಅಂಚಿನಲ್ಲಿದ್ದ ರೋಗಿಗಳಿಗಾಗಿ ಆಕೆ ರೂಪಿಸಿ, 1993ರಲ್ಲಿ ಗ್ರಂಥರೂಪಕ್ಕೆ ತಂದ ಚಿಕಿತ್ಸೆಯ ಪಾಠಗಳೇ ಮುಂದೆ ಶಾಲೆಯ ಮಕ್ಕಳಿಗೂ ಅಳವಟ್ಟವು. ಅವುಗಳಲ್ಲಿ ಅತ್ಯಂತ ಸರಳವಾದದ್ದು, ಉದ್ವೇಗ ಏರಿದಾಗ ಕೈಬಾಯಿಗಳನ್ನು ಒಂದು ಕ್ಷಣ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಏನಾಗುತ್ತಿದೆಯೆಂದು ಗಮನಿಸಿ ಮುಂದುವರಿಯುವುದು. ಇದನ್ನು ರಬಕವಿಯ ಮಕ್ಕಳಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಹಾಸಿನ ಎಳೆಯೊಂದು ಕಡಿದಾಗ ನೇಕಾರನು ಲಾಳಿಯ ಓಟವನ್ನು ನಿಲ್ಲಿಸಿ, ಕಡಿದದ್ದೆಲ್ಲಿ ಎಂದು ಹುಡುಕಿ, ಗಂಟುಹಾಕಿ, ಹಣಿಗೆಯಲ್ಲಿ ಪೋಣಿಸಿಕೊಂಡೇ ಮುಂದೆ ಸಾಗುವನು. ನಿಲ್ಲಿಸದೆ ನೇಯ್ದರೆ ಆ ಸಂದು ಬಟ್ಟೆಯುದ್ದಕ್ಕೂ ಉಳಿಯುತ್ತದೆ. ಆ ಗಂಟನ್ನು ಯಾವ ಹುಡುಗನೂ ಕೇಳಿ ಕಲಿತವನಲ್ಲ, ಹಾಕಿ ಹಾಕಿ ಕಲಿತವನು. ಭಾವವನ್ನು ಆಳುವ ವಿಷಯದಲ್ಲಿಯೂ ನಾನು ಹೇಳುವುದು ಇಷ್ಟೇ.

ಇದನ್ನು ಶಾಲೆಯಲ್ಲಿ ಕಲಿಸುವ ಯತ್ನ ಕರ್ನಾಟಕದಲ್ಲಿಯೂ ಹಳೆಯದೇ. ಭಾವನೆಗಳನ್ನೂ ಒತ್ತಡವನ್ನೂ ನಿಭಾಯಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳೊಳಗೆ ಎಣಿಸಿದ ಬಳಿಕ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರೌಢಶಾಲೆಗಳಿಗಾಗಿ ಒಂದು ಕ್ರಮವನ್ನು ಸಿದ್ಧಪಡಿಸಿತು. ಉಪನ್ಯಾಸಕ್ಕೆ ಬದಲಾಗಿ ಆಟ, ಅಭಿನಯ, ಗುಂಪಿನ ಚರ್ಚೆ. ನಡೆಸುವವರು ಅದೇ ಶಾಲೆಯ ತರಬೇತಿ ಹೊಂದಿದ ಶಿಕ್ಷಕರು. ಶ್ರೀಕಲಾ ಭರತ್ ಮತ್ತು ಕೆ. ವಿ. ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ವರ್ಷದ ಕೊನೆಗೆ ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಡನೆ ಹೋಲಿಸಿದಾಗ, ಆತ್ಮಗೌರವ, ಕಷ್ಟವನ್ನು ಎದುರಿಸಬಲ್ಲೆನೆಂಬ ಭರವಸೆ, ಶಿಕ್ಷಕರೊಡನೆ ಹೊಂದಾಣಿಕೆ ಇವು ಮೊದಲಿನವರಲ್ಲಿ ಮೇಲಾಗಿದ್ದವು. ಮಾನಸಿಕ ತೊಂದರೆಗಳ ಲಕ್ಷಣಗಳಲ್ಲಿಯಾಗಲಿ, ಮನೆಯವರೊಡನೆಯೂ ಓರಗೆಯವರೊಡನೆಯೂ ಇರುವ ಹೊಂದಾಣಿಕೆಯಲ್ಲಿಯಾಗಲಿ ವ್ಯತ್ಯಾಸ ಕಾಣಲಿಲ್ಲ. ಈ ಎರಡನೆಯ ಮಾತನ್ನು ಮರೆಮಾಚದೆ ಬರೆದುದೇ ಆ ವರದಿಯ ಯೋಗ್ಯತೆ.

ಬೇರೆಡೆಯ ಅನುಭವ ಇನ್ನೂ ಕಠೋರವಾಗಿದೆ. ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಮಿಕ್ಕ ಮಕ್ಕಳ ಮೇಲೆ ನಡೆದು 2022ರಲ್ಲಿ ಹೊರಬಂದ ಪರೀಕ್ಷೆಯಲ್ಲಿ, ತರಗತಿಗೆಲ್ಲ ಕಲಿಸಿದ ಅವಧಾನದ, ಎಂದರೆ ಈ ಕ್ಷಣದ ಮೇಲೆ ಮನಸ್ಸನ್ನು ನಿಲ್ಲಿಸುವ, ಪಾಠದಿಂದ ನಿರೀಕ್ಷಿಸಿದ ಪ್ರಯೋಜನ ಸಿದ್ಧಿಸಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಸಿಸಿಯೇ ಇರಲಿಲ್ಲ. ಆಸ್ಟ್ರೇಲಿಯದಲ್ಲಿ ಲಿನೆಹಾನಳ ಪಾಠಗಳನ್ನೇ ಆಧರಿಸಿದ ಎಂಟು ವಾರದ ಶಿಕ್ಷಣ ಪಡೆದವರಲ್ಲಿ ತಂದೆತಾಯಿಗಳೊಡನೆಯ ಸಂಬಂಧ ತುಸು ಕೆಟ್ಟಿತೆಂದು 2023ರಲ್ಲಿ ವರದಿಯಾಯಿತು. ಮನೆಯಲ್ಲಿ ಹೆಚ್ಚು ಅಭ್ಯಾಸ ಮಾಡಿದವರ ಗತಿ ಮಾತ್ರ ಅಷ್ಟರಮಟ್ಟಿಗೆ ಉತ್ತಮವಾಗಿತ್ತು. ನೆಮ್ಮದಿಯಾಗಿರುವ ಮಗುವಿಗೆ ‘ನಿನ್ನ ದುಃಖವನ್ನು ಹುಡುಕು’ ಎಂದು ವಾರವಾರವೂ ಹೇಳಿದರೆ ಅದು ಹುಡುಕಿಯೇ ಹುಡುಕುತ್ತದೆ!

ಕಲಿಸುವವರು ಯಾರೆಂಬುದೂ ಸಣ್ಣ ಪ್ರಶ್ನೆಯಲ್ಲ. ಬಿಹಾರದ ನಾಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದಕ್ಕೆಂದೇ ನೇಮಕವಾದ ಸಲಹೆಗಾರನಿದ್ದ ಶಾಲೆಗಳಲ್ಲಿ ಪೀಡನೆಯೂ ಖಿನ್ನತೆಯೂ ಗಣನೀಯವಾಗಿ ಇಳಿದವು. ಅವನು ಮನೋವೈದ್ಯನೇನೂ ಅಲ್ಲ, ಅಲ್ಪಕಾಲದ ತರಬೇತಿಯವನು. ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಅಂಥ ಫಲ ಕಾಣಲಿಲ್ಲ. ದೋಷ ಶಿಕ್ಷಕರದೆಂದು ನಾನು ನಂಬೆನು. ಬೆಳಿಗ್ಗೆ ಅಂಕಕ್ಕಾಗಿ ಗದರಿಸಿದವರೇ ಮಧ್ಯಾಹ್ನ ‘ಮನಸ್ಸು ಬಿಚ್ಚಿ ಮಾತಾಡು’ ಎಂದರೆ ಹುಡುಗ ಬಾಯಿ ಬಿಡುವುದು ಕಠಿಣ. ಕೇಂದ್ರ ಸರಕಾರದ 2020ರ ಶಾಲಾ ಆರೋಗ್ಯ ಯೋಜನೆ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನೇ ಇದಕ್ಕೆ ನಿಯೋಜಿಸುತ್ತದೆ. ಭಾವನಾತ್ಮಕ ಸ್ವಾಸ್ಥ್ಯ ಅದರ ಹನ್ನೊಂದು ವಿಷಯಗಳಲ್ಲಿ ಒಂದು. ವೇಳಾಪಟ್ಟಿಯಲ್ಲಿ ಅದಕ್ಕೊಂದು ಅವಧಿ ದೊರೆತರೂ, ಎಸ್.ಎಸ್.ಎಲ್.ಸಿ. ಸಮೀಪಿಸಿ ಜನವರಿ ಬರುತ್ತಲೇ ಗಣಿತದವರು ಅದನ್ನು ಕೇಳಿ ಪಡೆಯುತ್ತಾರೆ. ಪರೀಕ್ಷೆಯ ಅಂಜಿಕೆ ಮಕ್ಕಳನ್ನು ಗಟ್ಟಿಯಾಗಿ ಹಿಡಿಯುವುದೂ ಅದೇ ಜನವರಿಯಲ್ಲಿ.