ಆಟೋ ದರಪಟ್ಟಿಯಲ್ಲಿ ಅನುಪಾತ ಹುಡುಕುವುದು ಹೇಗೆ?

ಕೋಷ್ಟಕದಲ್ಲಿ ಎರಡು ಸಾಲು ಅಂಕಿಗಳಿವೆ. ಒಂದು ಏರಿದಂತೆ ಇನ್ನೊಂದೂ ಏರುತ್ತಿದೆ. ಅಷ್ಟಕ್ಕೇ ಅವು ನೇರ ಅನುಪಾತದಲ್ಲಿವೆ ಎನ್ನುವಂತಿಲ್ಲ. ಮೊದಲನೆಯದು ಎರಡರಷ್ಟಾದಾಗ ಎರಡನೆಯದೂ ಎರಡರಷ್ಟು, ಮೂರರಷ್ಟಾದಾಗ ಮೂರರಷ್ಟು ಆಗಬೇಕು.

ಪತ್ತೆಹಚ್ಚಲು ಭಾಗಾಕಾರ ಸಾಕು. ಪ್ರತಿ ಜೋಡಿಯಲ್ಲೂ ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. ಎಲ್ಲ ಕಡೆ ಒಂದೇ ಉತ್ತರ ಬಂದರೆ ಅನುಪಾತ ಇದೆ. ಆ ಉತ್ತರವೇ ಸ್ಥಿರಾಂಕ, ಅಂದರೆ ಬದಲಾಗದ ಸಂಖ್ಯೆ.

ಬೆಂಗಳೂರಿನ ಆಟೋ ಮೀಟರ್ ದರವನ್ನೇ ನೋಡಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. (ಮೀಟರ್ ಹಾಕಿದರೆ, ಅನ್ನಿ.)

ದೂರ (ಕಿ.ಮೀ.): 1, 2, 3, 5, 10
ದರ (ರೂ.): 36, 36, 54, 90, 180

2 ಕಿ.ಮೀ.ಯಿಂದಾಚೆ ಎಲ್ಲಿ ಭಾಗಿಸಿದರೂ 18. ಮೊದಲ ಜೋಡಿಯಲ್ಲಿ ಮಾತ್ರ 36. ಆದ್ದರಿಂದ ಇಡೀ ಕೋಷ್ಟಕ ಅನುಪಾತದಲ್ಲಿಲ್ಲ, 2 ಕಿ.ಮೀ. ಮತ್ತು ಅದಕ್ಕೂ ಹೆಚ್ಚಿನ ದೂರಕ್ಕಷ್ಟೇ ಇದೆ. ಒಂದೆರಡು ಜೋಡಿ ನೋಡಿದರೆ ಸಾಲದೇ? ಸಾಲದು. ‘ಇಲ್ಲ’ ಎನ್ನಲು ತಪ್ಪಿದ ಒಂದು ಜೋಡಿ ಸಾಕು, ‘ಹೌದು’ ಎನ್ನಲು ಎಲ್ಲವನ್ನೂ ನೋಡಬೇಕು.

ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ದರ. ಆಗ 2ಕ್ಕೆ 54, 3ಕ್ಕೆ 81, 5ಕ್ಕೆ 135. ಭಾಗಿಸಿದರೆ ಎಲ್ಲೆಡೆ 27, ಅನುಪಾತ ಕೆಡಲಿಲ್ಲ. ಅದೇ ಹಗಲಿನ ದರಕ್ಕೆ ಲಗೇಜಿನದೆಂದು 10 ರೂಪಾಯಿ ಸೇರಿಸಿ: 46, 64, 100. ಭಾಗಿಸಿದರೆ 23, 21.33, 20. ಕೆಟ್ಟಿತು! ಗುಣಿಸಿದರೆ ಅನುಪಾತ ಉಳಿಯುತ್ತದೆ, ಎಲ್ಲಕ್ಕೂ ಒಂದೇ ಮೊತ್ತ ಕೂಡಿಸಿದರೆ ಉಳಿಯದು. ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಸೇರಿದಾಗಲೂ ಹೀಗೇ.

ಬಹಳ ಜನ ಎಡವುವುದು ಇಲ್ಲೇ. ಏರಿಕೆ ಸಮನಾಗಿದ್ದರೆ ಅನುಪಾತ ಎಂದುಕೊಳ್ಳುತ್ತಾರೆ. ಸೆಲ್ಸಿಯಸ್ 10, 20, 30 ಆದಾಗ ಫ್ಯಾರನ್‌ಹೀಟ್ 50, 68, 86. ಪ್ರತಿ ಹೆಜ್ಜೆಗೂ 18ರ ಏರಿಕೆ. ಆದರೆ ಭಾಗಿಸಿ ನೋಡಿ: 5, 3.4, 2.87.

ನೀವೇ ಅಳತೆ ಮಾಡಿದ ಅಂಕಿಗಳಾದರೆ 17.9, 18.1 ಎಂದು ಚೂರು ಹೆಚ್ಚುಕಡಿಮೆ ಬಂದೀತು. ಅದನ್ನು ಒಪ್ಪಬಹುದು. ಉತ್ತರ ಒಂದೇ ದಿಕ್ಕಿಗೆ ಇಳಿಯುತ್ತಲೋ ಏರುತ್ತಲೋ ಹೋದರೆ ಮಾತ್ರ ಅನುಮಾನಪಡಿ.

ಇದಕ್ಕೆ ಖರ್ಚೇನೂ ಇಲ್ಲ, ಪೆನ್ಸಿಲ್, ಹಾಳೆ ಸಾಕು. ಅಂಕಿಗಳು ನೂರಾರಿದ್ದರೆ ಗೂಗಲ್ ಶೀಟ್ಸ್ ಉಚಿತವಾಗಿ ಸಿಗುತ್ತದೆ. ಮೂರನೇ ಕಾಲಂನಲ್ಲಿ ಭಾಗಾಕಾರದ ಸೂತ್ರ ಹಾಕಿ ಕೆಳಗೆಳೆಯಿರಿ. ಮೊದಲ ಅಂಕಿ 0 ಇರುವ ಕಡೆ ಎರರ್ ತೋರಿಸುತ್ತದೆ. ಗಾಬರಿ ಬೇಡ, ಸೊನ್ನೆಯಿಂದ ಭಾಗಿಸಲಾಗದು. ಅಲ್ಲಿ ಎರಡನೆಯದೂ 0 ಇದೆಯೇ ಎಂದಷ್ಟೇ ನೋಡಿಕೊಳ್ಳಿ.