ಕಾಲಡಿಯ ಪೆಟ್ಟಿಗೆಯಲ್ಲಿ ವಿಲಾಯಿತಿ ನಾದ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಶಿವಮೊಗ್ಗದಲ್ಲಿ ಮೂರು ಬಗೆಯ ಜನಕ್ಕೆ ನಿದ್ದೆ ಇರುವುದಿಲ್ಲ. ಚಂದಾ ಎತ್ತುವ ಹುಡುಗರು, ಬಂದೋಬಸ್ತಿನ ಪೊಲೀಸರು, ಮತ್ತು ಆರ್ಕೆಸ್ಟ್ರಾದವರು. ಮೊದಲಿನ ಇಬ್ಬರ ವಿಚಾರ ಈ ಅಂಕಣದಲ್ಲಿ ಬೇಕಾದಷ್ಟು ಬಂದಿದೆ. ಈ ಸಲ ಮೂರನೆಯವರದ್ದು.

ದುರ್ಗಿಗುಡಿ ಕಡೆಯ ಒಂದು ಓಣಿಯಲ್ಲಿ ಗಿಟಾರ್ ನುಡಿಸುವವರೊಬ್ಬರಿದ್ದಾರೆ. "ಹೆಸರು ಮಾತ್ರ ಹಾಕಬೇಡಿ ಸಾರ್" ಎಂದು ಕೈಮುಗಿದಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಮದುವೆ ರಿಸೆಪ್ಷನ್ನು, ಜಾತ್ರೆ, ರಾಜ್ಯೋತ್ಸವ, ಗಣಪತಿ. ಕಳೆದ ವರ್ಷ ಇವರು ಸೊಸೈಟಿಯಲ್ಲಿ ಸಾಲ ಎತ್ತಿ, ಮನೆಯಾಕೆಯ ಕೈಲಿ ಬೈಸಿಕೊಂಡು, 18 ಸಾವಿರ ರೂಪಾಯಿ ಕೊಟ್ಟು ಒಂದು ಪೆಟ್ಟಿಗೆ ತಂದರು. ಮಲ್ಟಿ ಎಫೆಕ್ಟ್ ಪೆಡಲ್ ಅಂತ ಅದರ ಹೆಸರು. ಗಾತ್ರದಲ್ಲಿ ಚಪ್ಪಲಿ ಡಬ್ಬಕ್ಕಿಂತ ಚಿಕ್ಕದು. ಕಾಲಿನಿಂದ ಒತ್ತಲು ಮೂರು ಗುಂಡಿ, ಹಾರ್ಮೋನಿಯಂ ಪೆಡಲಿನ ಹಾಗೆ ತುಳಿಯಲು ಒಂದು ಹಲಗೆ.

"ಇಷ್ಟರಲ್ಲಿ ಏನಿದೆ ಮಾರಾಯ್ರೆ?" ಅಂದೆ.

"ಎಲ್ಲಾ ಇದೆ ಸಾರ್. ಮಾರ್ಷಲ್ ಇದೆ, ವಾಕ್ಸ್ ಇದೆ, ಫೆಂಡರ್ ಇದೆ. ಮೊದಲನೇ ಪ್ರೋಗ್ರಾಮಿನಲ್ಲಿ ಮಾತ್ರ ಬರೀ ಜೇನುಹುಳ ಇತ್ತು" ಎಂದು ನಕ್ಕರು. ಆ ಜೇನುಹುಳದ ಕಥೆ ಆಮೇಲೆ ಹೇಳುತ್ತೇನೆ.

ಯಾವ ನಾದದ ಹಿಂದೆ ಈ ಓಟ?

ನಮ್ಮ ಓದುಗರಲ್ಲಿ ಐವತ್ತು ದಾಟಿದವರಿಗೆ ವಾಲ್ವ್ ರೇಡಿಯೋ ನೆನಪಿರಬೇಕು. ಗುಂಡಿ ತಿರುಗಿಸಿದ ಮೇಲೆ ಕಾದು ಕೆಂಪಗಾಗಿ, ಆಮೇಲೆ ಮಾತಾಡುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲೇ ಹಿಂದೆ ರೇಡಿಯೋ ವಾಲ್ವು ತಯಾರಾಗುತ್ತಿದ್ದವು. ಹಳೇ ರಾಕ್ ಸಂಗೀತದ ಗಿಟಾರಿನ ಆ ಕೆರಳಿದ ದನಿ ಹುಟ್ಟಿದ್ದೂ ಇಂಥ ವಾಲ್ವಿನ ಹೊಟ್ಟೆಯಲ್ಲೇ.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬಾತ ಡ್ರಮ್ಮಿನ ಅಂಗಡಿ ಇಟ್ಟಿದ್ದ. ಗಿರಾಕಿಗಳು ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ಕೇಳುತ್ತಿದ್ದರು, ಅದು ಬಲು ದುಬಾರಿ. ನಾವೇ ಮಾಡೋಣ ಎಂದು 1962ರ ಹೊತ್ತಿಗೆ ಫೆಂಡರಿನ 'ಬಾಸ್‌ಮನ್' ಮಾದರಿ ನೋಡಿಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಬಿಡಿ ಸಾಮಾನಿನಲ್ಲಿ ತನ್ನದೊಂದು ಕಟ್ಟಿಸಿದ. ಸಾಮಾನು ಬೇರೆಯಾದ್ದರಿಂದ ದನಿಯೂ ಬೇರೆಯಾಯಿತು! 'ದಿ ಹೂ' ತಂಡದವರು ಬಂದು ಇನ್ನೂ ಜೋರು ಬೇಕು ಅಂದಾಗ 100 ವಾಟಿನದು ಬಂತು. ಮುಂದೆ ಜಿಮಿ ಹೆಂಡ್ರಿಕ್ಸ್ ಕೈಯಲ್ಲಿ ಅದು ಲೋಕಪ್ರಸಿದ್ಧವಾಯಿತು.

ವಾಲ್ವಿಗೆ ಅದರ ಶಕ್ತಿ ಮೀರಿ ದನಿ ತುಂಬಿದರೆ ಅದು ತಡೆಯಲಾರದೆ ಅಲೆಯ ತಲೆಯನ್ನು ಸವರಿಬಿಡುತ್ತದೆ. ಹಾಗೆ ಸವರಿದ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ವಾಲ್ವು ಈ ಕೆಲಸವನ್ನು ಮೆಲ್ಲಗೆ, ದುಂಡಗೆ ಮಾಡುವುದರಿಂದ ಕಿವಿಗೆ ಹಿತ. ಎಂಜಿನಿಯರ್ ಕಣ್ಣಿಗೆ ಇದು ದೋಷ, ಗಿಟಾರಿನವನ ಕಿವಿಗೆ ಅಮೃತ.

ದೋಷ ಬೇಕೆಂದು ಏನೇನೋ ಮಾಡಿದ ಜನ ಇದ್ದಾರೆ. 'ಕಿಂಕ್ಸ್' ತಂಡದ ಡೇವ್ ಡೇವಿಸ್ 1964ರಲ್ಲಿ ಬ್ಲೇಡು ತಗೊಂಡು ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನೇ ಸೀಳಿದ. 'ಕ್ವೀನ್' ತಂಡದ ಬ್ರಯಾನ್ ಮೇ ತಂದೆಯ ಜೊತೆ ಕೂತು ತಾನೇ ಗಿಟಾರು ಮಾಡಿಕೊಂಡು, ಅದನ್ನು ಆರು ಪೆನ್ನಿ ನಾಣ್ಯದಿಂದ ಮೀಟಿದ. ಹೀಗೆ ಬಡತನದಲ್ಲೂ ಹಠದಲ್ಲೂ ಹುಟ್ಟಿದ ದನಿಯನ್ನೇ ಇವತ್ತು ನಾವು ಸಾವಿರಗಟ್ಟಲೆ ಕೊಟ್ಟು ಪೆಟ್ಟಿಗೆಯಲ್ಲಿ ತರಿಸಿಕೊಳ್ಳುತ್ತೇವೆ.

ಪೆಟ್ಟಿಗೆಯ ಗುಟ್ಟು

ಅಸಲಿ ಮಾರ್ಷಲ್ ತರಲು ಲಕ್ಷದ ಮಾತು. ನಾಲ್ಕು 12 ಇಂಚಿನ ಸ್ಪೀಕರಿನ ಅದರ ಪೆಟ್ಟಿಗೆ ಎತ್ತಲು ಇಬ್ಬರು ಗಟ್ಟಿ ಆಳು ಬೇಕು. ಹೋಗಲಿ ಎಂದರೆ, ಅದರ ನಿಜವಾದ ದನಿ ಬರುವುದು ಜೋರಾಗಿ ಇಟ್ಟಾಗಲೇ. ಓಣಿಯಲ್ಲಿ ಹಾಗೆ ಇಟ್ಟರೆ ಅಕ್ಕಪಕ್ಕದವರು ಬಿಡುತ್ತಾರೆಯೇ?

ಈ ಪೇಚಿಗೆ ಅಮೆರಿಕದಲ್ಲಿ ಉಪಾಯ ಹುಡುಕಿದವರಲ್ಲಿ 'ಬೋಸ್ಟನ್' ತಂಡದ ಟಾಮ್ ಶೋಲ್ಜ್ ಒಬ್ಬ. ಓದಿದ ಎಂಜಿನಿಯರ್. 1982ರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳುವಂಥ 'ರಾಕ್‌ಮನ್' ತಂದ. 1998ರಲ್ಲಿ ಲೈನ್ ಸಿಕ್ಸ್ ಕಂಪೆನಿಯ 'ಪಾಡ್' ಬಂತು, ಕೆಂಪು ಬಣ್ಣ, ಥೇಟ್ ಅವರೆಕಾಳಿನ ಆಕಾರ. ಅದರೊಳಗೆ ವಾಲ್ವೇ ಇಲ್ಲ! ಗಿಟಾರಿನ ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿ ಮಾಡಿ, 'ಮಾರ್ಷಲ್ ಆಗಿದ್ದರೆ ಇದನ್ನು ಏನು ಮಾಡುತ್ತಿತ್ತು' ಎಂದು ಲೆಕ್ಕ ಹಾಕಿ, ಮತ್ತೆ ದನಿ ಮಾಡಿ ಹೊರಗೆ ಬಿಡುವುದು. ಜರ್ಮನಿಯ ಕೆಂಪರ್ 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಿಜವಾದ ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು ಅದರ ಜಾತಕವನ್ನೇ ತೆಗೆದುಕೊಂಡುಬಿಡುವ ಯಂತ್ರ ಅದು. ಇವತ್ತು 8-10 ಸಾವಿರದ ಪೆಟ್ಟಿಗೆಗೂ ಈ ವಿದ್ಯೆ ಇಳಿದು ಬಂದಿದೆ.

ಜೇನುಹುಳದ ಕಥೆ

ನಮ್ಮ ಗಿಟಾರಿನವರು ಪೆಟ್ಟಿಗೆ ತಂದ ವಾರದಲ್ಲೇ ಒಂದು ಪೆಂಡಾಲಿನ ಕಾರ್ಯಕ್ರಮ. 1981ರ 'ಗೀತಾ' ಚಿತ್ರದ ಹಾಡು. ಇಳಯರಾಜ ಅವರ ಸಂಗೀತ ಬೇರೆ, ಗಿಟಾರಿನವನಿಗೆ ಹಬ್ಬ. ಇವರು ಗುಂಡಿ ತುಳಿದು ಮೀಟಿದರು. ಸ್ಪೀಕರಿನಿಂದ ಗುಂಯ್ಯ್ ಅಂತ ಜೇನು ಎದ್ದ ಹಾಗೆ ದನಿ. ಹಾಡುವವನು ತಿರುಗಿ ನೋಡಿದ. ಕಮಿಟಿಯವರೊಬ್ಬರು ಸ್ಟೇಜಿನ ಮೆಟ್ಟಿಲ ಹತ್ತಿರ ಬಂದು, "ಅದನ್ನು ಆಫ್ ಮಾಡ್ರೀ" ಅಂದರು. ಐದು ಸಾವಿರ ಜನರೆದುರು ಆಡಿದ ಮಾತಲ್ಲ ಅದು, ಐನೂರು ಜನರೆದುರು. ಆದರೂ ಮಾತು ಮಾತೇ.

"ಮನೆಗೆ ಬಂದು ಪೆಟ್ಟಿಗೆ ಮುಂದೆ ಕೂತೆ ಸಾರ್. ಊಟ ಸೇರಲಿಲ್ಲ."

ತಪ್ಪು ಏನಾಗಿತ್ತು? ಒಂದಲ್ಲ, ಮೂರು. ಮನೆಯಲ್ಲಿ ಕಲಿಯುತ್ತಿರುವ ಹುಡುಗರು ಕೇಳಿಸಿಕೊಳ್ಳಿ, ದುಡ್ಡು ಉಳಿಯುತ್ತದೆ.

ಮೊದಲನೆಯದು, ಗಿಟಾರಿನ ಆಂಪ್ಲಿಫೈಯರ್ ಸ್ಪೀಕರು ಬಹಳ ತೀಕ್ಷ್ಣವಾದ ದನಿಯನ್ನು ತಾನೇ ನುಂಗಿಕೊಳ್ಳುತ್ತದೆ. ಮೈಕ್‌ಸೆಟ್ಟಿನ ಸ್ಪೀಕರು ಏನು ಕೊಟ್ಟರೂ ಹಾಗೇ ಕಕ್ಕುತ್ತದೆ. ಪೆಟ್ಟಿಗೆಯಲ್ಲಿ 'ಕ್ಯಾಬಿನೆಟ್' ಎಂಬ ಭಾಗ ಇರುವುದೇ ಆ ನುಂಗುವ ಕೆಲಸಕ್ಕೆ. ಇವರು ಅದನ್ನು ಆಫ್ ಮಾಡಿ ನೇರ ಮಿಕ್ಸರಿಗೆ ಕೊಟ್ಟಿದ್ದರು. ಮೈಕ್‌ಸೆಟ್ಟಿಗೆ ಕೊಡುವಾಗ ಅದು ಆನ್ ಇರಬೇಕು. ಗಿಟಾರಿನ ಆಂಪ್ಲಿಫೈಯರಿಗೇ ಚುಚ್ಚುವಾಗ ಸಾಮಾನ್ಯವಾಗಿ ಆಫ್.

ಎರಡನೆಯದು, ಮನೆಯಲ್ಲಿ ಮಗು ಮಲಗಿದೆಯೆಂದು ಸಣ್ಣಗೆ ಇಟ್ಟು ದನಿ ಹೊಂದಿಸಿದ್ದು. ಸಣ್ಣ ದನಿಯಲ್ಲಿ ಕಿವಿಗೆ ಬಾಸು ಕಡಿಮೆ ಕೇಳುತ್ತದೆ, ಚೂಪು ದನಿಯೂ ಅಷ್ಟೆ. ಅದಕ್ಕೇ ಎರಡನ್ನೂ ಏರಿಸುತ್ತೇವೆ, ನಡುವಿನದನ್ನು ಇಳಿಸುತ್ತೇವೆ. ಸ್ಟೇಜಿನಲ್ಲಿ ಜೋರಾದಾಗ ಅದೇ ಹೊಂದಿಕೆ ಒಡೆದ ಮಡಕೆ. ಗಿಟಾರು ಜನಕ್ಕೆ ಕೇಳುವುದೇ ಆ ನಡುವಿನ ದನಿಯಲ್ಲಿ.

ಮೂರನೆಯದು ಆಸೆ. ಕಂಪೆನಿಯವರು ತುಂಬಿ ಕಳಿಸಿದ ದನಿಗಳು ಅಂಗಡಿಯಲ್ಲಿ ಮರುಳು ಮಾಡಲಿಕ್ಕೆ ಇರುವಂಥವು. ಡಿಸ್ಟಾರ್ಷನ್ನೂ ಜಾಸ್ತಿ, ಪ್ರತಿಧ್ವನಿಯೂ ಜಾಸ್ತಿ. ಹಳೇ ರಾಕ್ ರೆಕಾರ್ಡು ಗಮನವಿಟ್ಟು ಕೇಳಿದರೆ ನಾವು ನೆನೆಸಿದ ಅರ್ಧದಷ್ಟೂ ಕೊರಕಲು ಅದರಲ್ಲಿಲ್ಲ. ಲೆಡ್ ಜೆಪೆಲಿನ್ ತಂಡದ 1969ರ ಮೊದಲ ರೆಕಾರ್ಡಿಗೆ ಜಿಮ್ಮಿ ಪೇಜ್ ಬಳಸಿದ್ದು ಟೆಲಿಕ್ಯಾಸ್ಟರ್ ಗಿಟಾರು ಮತ್ತು ಸುಪ್ರೋ ಎಂಬ ಚಿಕ್ಕ ಆಂಪ್ಲಿಫೈಯರು. ಬೆಟ್ಟದಂಥ ದನಿ ಬಂದದ್ದು ಬೆರಳಿನಿಂದ, ಮತ್ತು ಮೈಕ್ ಇಟ್ಟ ಜಾಗದಿಂದ.

ಇಷ್ಟು ಅರ್ಥ ಮಾಡಿಕೊಳ್ಳಲು ಇವರಿಗೆ ಮೂರು ವಾರ ಬೇಕಾಯಿತು. ಪೆಟ್ಟಿಗೆಯಲ್ಲಿ ನೂರು ದನಿ ಇದ್ದರೂ ಈಗ ಬಳಸುವುದು ನಾಲ್ಕೇ. ಉಳಿದದ್ದೆಲ್ಲ ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯಲ್ಲೇ ಆಗುತ್ತದಂತೆ.

ಕರೆಂಟಿನವರ ಉಪಕಾರ

ಇಲ್ಲಿ ಒಂದು ತಮಾಷೆ. ಎಡ್ಡಿ ವ್ಯಾನ್ ಹೇಲನ್ ಎಂಬ ಅಮೆರಿಕದ ಗಿಟಾರ್ ಮಾಂತ್ರಿಕ ತನ್ನ ಮಾರ್ಷಲಿಗೆ ಹೋಗುವ ವೋಲ್ಟೇಜನ್ನು ಬೇಕೆಂದೇ ಇಳಿಸುತ್ತಿದ್ದ. ಆಗ ದನಿ ಹದವಾಗುತ್ತದೆಂದು. ಅದಕ್ಕೊಂದು ಯಂತ್ರವನ್ನೇ ಇಟ್ಟಿದ್ದ. ನಮ್ಮಲ್ಲಿ ಆ ಸೇವೆ ಪೆಂಡಾಲಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ! ಆದರೆ ಅವನ ವಾಲ್ವು ತಾಳಿದ್ದನ್ನು ಈ ಕಂಪ್ಯೂಟರ್ ಪೆಟ್ಟಿಗೆ ತಾಳುವುದಿಲ್ಲ. ವೋಲ್ಟೇಜ್ ಬಿದ್ದರೆ ಹಾಡಿನ ಮಧ್ಯೆ ಆಫ್ ಆಗಿ ಮತ್ತೆ ಮೊದಲಿಂದ ಎದ್ದೇಳುತ್ತದೆ. ಅರ್ತಿಂಗ್ ಸರಿ ಇಲ್ಲದಿದ್ದರೆ ಗುಂಯ್ ಎನ್ನುತ್ತದೆ. ಅಡಾಪ್ಟರಿನ ಪ್ಲಸ್ ಮೈನಸ್ ಅದಲುಬದಲಾದರೆ ಕಥೆಯೇ ಮುಗಿಯಬಹುದು. ಇಂಥ ಪೆಡಲುಗಳಲ್ಲಿ ಹೆಚ್ಚಿನವು 9 ವೋಲ್ಟು, ನಡುವಿನ ಕಡ್ಡಿ ಮೈನಸ್. ನಮ್ಮ ಮನೆಯ ಬೇರೆ ಎಷ್ಟೋ ಅಡಾಪ್ಟರಿನಲ್ಲಿ ನಡುವಿನದು ಪ್ಲಸ್.

ಕೆಟ್ಟರೆ? ಗಾಂಧಿ ಬಜಾರ್ ಕಡೆಯ ಹಳೇ ರೇಡಿಯೋ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದ್ದಾಯಿತು. ಮುಚ್ಚಳ ತೆಗೆದು ನೋಡಿ, "ಸಾಸಿವೆ ಕಾಳಿನಷ್ಟಿದೆ ಒಂದೊಂದೂ. ವಾಲ್ವಾಗಿದ್ದರೆ ಐದು ನಿಮಿಷದಲ್ಲಿ ಬದಲಾಯಿಸ್ತಿದ್ದೆ ಕಣಪ್ಪಾ" ಎಂದು ಮುಚ್ಚಿಕೊಟ್ಟರಂತೆ.

ಹೊಟ್ಟೆಪಾಡಿನ ಪ್ರಶ್ನೆ

ಇಷ್ಟೆಲ್ಲ ಯಾಕೆ ಎನ್ನುವವರುಂಟು. ವಿಷಯ ಶೋಕಿಯದಲ್ಲ. ಹಿಂದೆ ಒಂದು ಆರ್ಕೆಸ್ಟ್ರಾ ಎಂದರೆ ಹತ್ತು ಜನ ಸ್ಟೇಜಿಗೆ ಹತ್ತುತ್ತಿದ್ದರು. ಈಗ ಇಬ್ಬರು ಹಾಡುವವರು, ಒಂದು ಲ್ಯಾಪ್‌ಟಾಪ್, ಅದರಲ್ಲಿ ಟ್ರ್ಯಾಕ್. "ಗಿಟಾರು ಟ್ರ್ಯಾಕಿನಲ್ಲೇ ಇದೆಯಲ್ರೀ, ನಿಮಗೆ ಬೇರೆ ಯಾಕೆ ದುಡ್ಡು?" ಎಂದು ಕೇಳಿದ ಕಮಿಟಿಯೂ ಇದೆ. ಆ ಪ್ರಶ್ನೆಗೆ ಉತ್ತರವಾಗಿ ಇವರು ಸಾಲ ಮಾಡಿದ್ದು. ಟ್ರ್ಯಾಕಿಗಿಂತ ಚೆನ್ನಾಗಿ ಕೇಳಿಸಿದರೆ ತಾನೇ ಕರೆಯುವುದು?

ರಾತ್ರಿ ಹತ್ತರ ಗಡಿಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಕ್ಕೆಂದು ಮಧ್ಯರಾತ್ರಿವರೆಗೆ ಬಿಡುವ ಅಧಿಕಾರ ಸರ್ಕಾರಕ್ಕಿದ್ದರೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ನಿಯಮ ಸರಿಯೇ. ಮನೆಯಲ್ಲಿ ಕಾಯಿಲೆಯವರಿರುತ್ತಾರೆ, ಓದುವ ಮಕ್ಕಳಿರುತ್ತಾರೆ. ಈ ಪೆಟ್ಟಿಗೆಯ ಒಳ್ಳೆಯ ಗುಣವೂ ಅದೇ, ಸಣ್ಣಗೆ ಇಟ್ಟರೂ ದೊಡ್ಡ ದನಿಯ ರುಚಿ ಹೋಗುವುದಿಲ್ಲ. ಅರ್ಭಟ ಮಾಡುವುದು ಗಿಟಾರಲ್ಲ, ಲಾರಿ ತುಂಬ ಹೇರಿದ ಡಿಜೆ ಸ್ಪೀಕರುಗಳು.

ಜೇನುಹುಳದ ರಾತ್ರಿಯ ಮೂರು ವಾರದ ಮೇಲೆ ಇನ್ನೊಂದು ಕಾರ್ಯಕ್ರಮವಾಯಿತು. ಅದೇ ಹಾಡು. ಈ ಸಲ ನಾನೂ ಹಿಂದಿನ ಸಾಲಿನಲ್ಲಿದ್ದೆ. ಗಿಟಾರಿನ ತುಣುಕು ಬಂದಾಗ ಕಡಲೆಕಾಯಿ ಬಿಡಿಸುತ್ತಿದ್ದವರ ಕೈ ನಿಂತಿತು. ಪಕ್ಕದ ಹುಡುಗ ಕೇಳಿದ: "ಟ್ರ್ಯಾಕಾ ಅದು?" ಅವನ ಅಪ್ಪ ಹೇಳಿದ: "ಅಲ್ಲ ಕಣೋ, ಅಲ್ಲಿ ನೋಡು, ಅವರೇ ನುಡಿಸ್ತಿದಾರೆ."

ಸಾಲದ ಕಂತು ಇನ್ನೂ ಹನ್ನೊಂದಿದೆ. ಗಣಪತಿ ಮಂಡಳಿಯ ಮಹನೀಯರು ಚಂದಾ ಲೆಕ್ಕದಲ್ಲಿ ಪಟಾಕಿಯ ಬಾಬ್ತು ಸ್ವಲ್ಪ ತಗ್ಗಿಸಿ, ನುಡಿಸುವ ಕೈಗಳಿಗೆ ನಾಲ್ಕು ಕಾಸು ಎತ್ತಿಡುವರೇ? ಪೆಂಡಾಲಿಗೊಂದು ನೆಟ್ಟಗಿನ ಅರ್ತಿಂಗ್ ವೈರು ಎಳೆಸುವರೇ? ಕಾದು ನೋಡೋಣ.