ಕಾರ್ಬುರೇಟರಿನ ಪೊರೆಗೆ ದೃಷ್ಟಿ ತಾಗುವುದಿಲ್ಲ

“ತೋಟದ ಕಳೆ ಸವರುವ ಮಿಷನ್ನು ದೀಪಾವಳಿ ಹೊತ್ತಿಗೆ ಚೆನ್ನಾಗಿಯೇ ಇತ್ತು. ಒರೆಸಿ ಮೂಲೆಯಲ್ಲಿಟ್ಟಿದ್ದೆ. ಜೂನಿನಲ್ಲಿ ತೆಗೆದರೆ ಹಗ್ಗ ಎಳೆದೆಳೆದು ಭುಜ ನೋವು ಬಂತೇ ಹೊರತು ಸ್ಟಾರ್ಟ್ ಆಗಲಿಲ್ಲ. ಯಾರದೋ ದೃಷ್ಟಿ ಅಂತ ಅಮ್ಮ ನಿಂಬೆಹಣ್ಣು ನಿವಾಳಿಸಿದರು. ಏನು ಮಾಡಲಿ?” ಸಿದ್ದಾಪುರದ ಕಡೆಯ ಅಡಿಕೆ ಕೃಷಿಕರೊಬ್ಬರ ಪ್ರಶ್ನೆ.

ದೃಷ್ಟಿಗೆ ಪೆಟ್ರೋಲನ್ನು ತಡೆಯುವ ಶಕ್ತಿ ಇಲ್ಲ. ನಿವಾಳಿಸಿ ಕಾಯುತ್ತ ಕೂತರೆ ಎರಡೇ ವಾರದಲ್ಲಿ ಕಳೆ ಮೊಣಕಾಲು ದಾಟುತ್ತದೆ. ಮೊದಲು ಪ್ಲಗ್ ಬಿಚ್ಚಿ ನೋಡಿ. ಹತ್ತು ಸಲ ಹಗ್ಗ ಎಳೆದ ಮೇಲೂ ತುದಿ ಒಣಗಿಯೇ ಇದ್ದರೆ ಎಂಜಿನ್ನಿಗೆ ಪೆಟ್ರೋಲು ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯನ್ನು ಅನುಮಾನಿಸಿ. ಆರು ತಿಂಗಳು ಮಲಗಿ ಎದ್ದ ಯಂತ್ರಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ಒಣ ಪ್ಲಗ್ಗನ್ನೇ. ಆಗ ಕೈ ಹೋಗಬೇಕಾದ್ದು ಕಾರ್ಬುರೇಟರಿಗೆ, ಅದರೊಳಗಿನ ತೆಳ್ಳನೆಯ ಪೊರೆಗೆ.

ಈ ಪೊರೆಯ ಬಗ್ಗೆ ನನಗೆ ತೀರದ ಬೆರಗು. ಹಳೆಯ ಬೈಕಿನ ಕಾರ್ಬುರೇಟರಿನಲ್ಲಿ ಪುಟ್ಟ ಬಟ್ಟಲು, ಅದರಲ್ಲೊಂದು ತೇಲುವ ಬೆಂಡು. ಬೈಕು ಮಗುಚಿತೋ, ಪೆಟ್ರೋಲು ಸೋರಿತು. ಮೊದಮೊದಲ ಮರ ಕೊಯ್ಯುವ ಯಂತ್ರಗಳಿಗೂ ಇದೇ ಪಾಡು: ಅಡ್ಡ ಕೊಯ್ಯುವಾಗ ಗರಗಸವನ್ನಷ್ಟೇ ತಿರುಗಿಸಿ ಎಂಜಿನ್ನನ್ನು ನೆಟ್ಟಗೆ ಹಿಡಿಯಬೇಕಿತ್ತು. ನಮ್ಮ ವೀಡ್ ಕಟರನ್ನಾದರೋ ಹೆಗಲಿಗೆ ತಗುಲಿಸಿಕೊಂಡು ಧರೆಯ ಅಂಚಿನಲ್ಲಿ ಓರೆ ಮಾಡುತ್ತೇವೆ, ಕಾಲುವೆಗೆ ಬಗ್ಗಿಸುತ್ತೇವೆ. ಆದರೂ ಅದು ಒಂದೇ ಸಮನೆ ಗುಡುಗುತ್ತಿರುತ್ತದೆ.

ಅದಕ್ಕೆ ಕಾರಣ ಪಿಸ್ಟನ್ನಿನ ಉಸಿರು. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕೋಣೆಯಲ್ಲಿ ಒತ್ತಡ ತಗ್ಗುತ್ತದೆ, ಇಳಿದಾಗ ಹೆಚ್ಚುತ್ತದೆ. ಸಣ್ಣ ರಂಧ್ರವೊಂದರ ಮೂಲಕ ಈ ಏರಿಳಿತ ಪೊರೆಯ ಬೆನ್ನಿಗೆ ತಾಗುತ್ತದೆ. ಪೊರೆ ಆಚೆ ಈಚೆ ಬಾಗುತ್ತದೆ; ಅದರಲ್ಲೇ ಕತ್ತರಿಸಿ ಬಿಟ್ಟ ಎರಡು ಪುಟ್ಟ ನಾಲಿಗೆಗಳು ನಮ್ಮ ಹೃದಯದ ಕವಾಟದ ಹಾಗೆ ತೆರೆದು ಮುಚ್ಚಿ ಪೆಟ್ರೋಲನ್ನು ಒಂದೇ ದಿಕ್ಕಿಗೆ ದೂಡುತ್ತವೆ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120 ಬಡಿತ! ಬೇರೆ ಮೋಟಾರಿಲ್ಲ, ವೈರಿಲ್ಲ. ಇನ್ನೊಂದು ಪೊರೆ ಸೂಜಿಯೊಂದನ್ನು ಎತ್ತಿ ಇಳಿಸಿ, ಬೇಕಾದಷ್ಟನ್ನೇ ಒಳಬಿಡುತ್ತದೆ.

ಪೇಟೆಯ ಮೆಕ್ಯಾನಿಕ್ಕೊಬ್ಬರು ಒಮ್ಮೆ ನನ್ನ ಯಂತ್ರಕ್ಕೆ ಪ್ಲಗ್ಗು, ಕಾಯಿಲ್ಲು ಎರಡನ್ನೂ ಬದಲಿಸಿ ಕೊಟ್ಟರು. ಮೂರನೇ ದಿನಕ್ಕೆ ಮತ್ತೆ ನಿಂತಿತು. ಜಗಲಿಯಲ್ಲಿ ಕೂತು ನಾನೇ ಕಾರ್ಬುರೇಟರಿನ ಸ್ಕ್ರೂ ಬಿಚ್ಚಿದೆ. ಈರುಳ್ಳಿಯ ಒಳಪೊರೆಯ ಹಾಗೆ ಬಳುಕಬೇಕಾದ್ದು ಹಪ್ಪಳದ ಹಾಗೆ ಸೆಟೆದಿತ್ತು. ಬೆರಳಲ್ಲಿ ಬಗ್ಗಿಸಿದರೆ ಚಟಚಟ ಸದ್ದು. ಹೊಸ ಪೊರೆ ಹಾಕಿ ಎರಡನೇ ಸಲ ಹಗ್ಗ ಎಳೆದದ್ದೇ, ಶುರುವಾಯಿತು. ಆ ಸಂತೋಷ ಇನ್ನೂ ನೆನಪಿದೆ.

ಪೊರೆಯನ್ನು ಕೆಡಿಸುವುದು ಒಳಗೇ ಉಳಿದ ಹಳೆಯ ಪೆಟ್ರೋಲು. ಆವಿಯಾಗುತ್ತ ಅಂಟಾಗಿ ಸೂಜಿಯ ದಾರಿಯನ್ನೂ ಕಟ್ಟುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ತೇವ ಹೀರುವ ಗುಣ ಬೇರೆ. ನೀರು ಮಿತಿ ಮೀರಿದರೆ ಎಥನಾಲನ್ನು ಜೊತೆಗೆಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೆಟ್ರೋಲು ಹೀರುವ ಫಿಲ್ಟರ್ ಬಿದ್ದಿರುವುದೂ ಅಲ್ಲೇ. ಎಂಜಿನ್ ಸವೆಯದಿರಲೆಂದು ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ.

ಆಯಿಲ್ ಎಂದಾಗ ಹೇಳಲೇಬೇಕು. “ಸ್ವಲ್ಪ ಜಾಸ್ತಿ ಇದ್ದರೆ ಎಂಜಿನ್ನಿಗೆ ತಂಪು” ಎಂದು ಕಣ್ಣಳತೆಯಲ್ಲಿ ಸುರಿಯುವವರು ನಮ್ಮಲ್ಲಿ ಬಹಳ. ದಯವಿಟ್ಟು ಬಿಡಿ. ಉರಿಯದೆ ಉಳಿದ ಆಯಿಲ್ ಮಸಿಯಾಗಿ ಸೈಲೆನ್ಸರಿನ ಜಾಲರಿಯನ್ನು ಮುಚ್ಚುತ್ತದೆ, ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಕೈಪಿಡಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಲೀಟರ್, ಅಳೆದೇ ಹಾಕಿ.

ಸಿದ್ದಾಪುರದವರೇ, ಈಗ ಹಳೆಯ ಪೆಟ್ರೋಲು ಚೆಲ್ಲದೆ ಕ್ಯಾನಿಗೆ ಬಸಿದು, ಫಿಲ್ಟರ್ ತೊಳೆದು, ನಿಮ್ಮ ಮಾದರಿಗೆ ಹೊಂದುವ ಪೊರೆಯ ಕಿಟ್ ತಂದು ಹಾಕಿ. ಬಿಚ್ಚುವಾಗ ಯಾವ ಪದರದ ಮೇಲೆ ಯಾವುದಿತ್ತೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪೊರೆ, ಗ್ಯಾಸ್ಕೆಟ್ ಅದಲುಬದಲಾದರೆ ಮತ್ತೆ ಅದೇ ಕಥೆ. ಮುಂದಿನ ದೀಪಾವಳಿಗೆ ಕಳೆ ಸವರಿ ಮುಗಿದ ದಿನ ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಆಮೇಲೆ ಮೂಲೆಗಿಡಿ.